ನಾವಿಬ್ಬರೂ ಇಲ್ಲ ಅಂದ ದಿನ

ಕಡಬ
14 ನವೆಂಬರ್ 2025

ಪ್ರೀತಿಯ ಬಿಂದುಗೆ ಅಮ್ಮ ಮಾಡುವ ಆಶೀರ್ವಾದ.

ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿ ಆಗಬೇಡ. ಫೋನಿನಲ್ಲಾದರೆ ನಾಲ್ಕು ಮಾತಿಗೆ ಉಸಿರು ಕಟ್ಟುತ್ತೆ, ಅದರ ಮೇಲೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರ್ತಾರೆ. ಇದು ಅವರಿಗೂ ಗೊತ್ತಿಲ್ಲದ ವಿಷಯ.

ಸೋಮವಾರ ನೀನು ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ನನ್ನನ್ನು ತುಮಕೂರಿನ ಆಸ್ಪತ್ರೆಗೆ ಕರಕೊಂಡು ಹೋದೆ. ಕೊಳವೆಗೆ ಊದು ಅಂದರು, ಊದಿದೆ. ಬೆರಳಿಗೆ ಕ್ಲಿಪ್ ಹಾಕಿ ಕಾರಿಡಾರಿನಲ್ಲಿ ಆರು ನಿಮಿಷ ನಡೀಬೇಕು ಅಂದರು. ನಾಲ್ಕನೇ ನಿಮಿಷಕ್ಕೇ ಗೋಡೆ ಹಿಡಿದು ನಿಂತೆ. ಆಮೇಲೆ ಕೌನ್ಸೆಲರ್ ಮಂಗಳಗೌರಿ ಮೇಡಂ ಕೂರಿಸಿಕೊಂಡು, ನಿದ್ದೆ ಬರುತ್ತಾ, ಅಳು ಬರುತ್ತಾ, ಉಸಿರು ಸಿಗದಾಗ ಏನು ಯೋಚನೆ ಬರುತ್ತೆ ಅಂತೆಲ್ಲ ಕೇಳಿದರು. ಏನಿಲ್ಲ ಅಂದೆ. ನಿನ್ನ ಬಾಣಂತನ ಮಾಡುವಷ್ಟು ದಿನ ಇರ್ತೀನೋ ಇಲ್ಲವೋ ಅನ್ನೋದು ಬಿಟ್ಟರೆ ಬೇರೆ ಯೋಚನೆ ಬರಲ್ಲ ಅಂತ ನಿನ್ನ ಮುಂದೆ ಹೇಗೆ ಹೇಳಲಿ? ಬೀಡಿ ಸೇದ್ತಿದ್ರಾ ಅಂದಾಗಲೂ ಇಲ್ಲ ಅಂದೆ, ಒಲೆ ಹೊಗೆ ಅಂದೆ. ನಮ್ಮಮ್ಮ ಹಾಗೆಲ್ಲ ಇಲ್ಲ ಮೇಡಂ ಅಂತ ನೀನೂ ದನಿಗೂಡಿಸಿದೆ. ಅವರು ನಿನ್ನ ಹೊಟ್ಟೆ ನೋಡಿ, ನೀವು ಸೇದ್ತೀರಾ ಅಂತ ಕೇಳಿದರು. ನೀನು ನಕ್ಕು ಇಲ್ಲ ಅಂದೆ.

ಬಿಂದು, ಅವತ್ತು ಬೆಳಗ್ಗೆ ಶೆಟ್ಟಿಹಳ್ಳಿಯ ನಿಮ್ಮ ಮನೆಯಲ್ಲಿ ಸೀರೆ ಒಣಹಾಕೋಕೆ ಟೆರೇಸಿಗೆ ಹೋಗಿದ್ದೆ. ನೀರಿನ ಟ್ಯಾಂಕಿನ ಹಿಂದೆ ಒಂದು ಪೇಂಟ್ ಡಬ್ಬದಲ್ಲಿ ಸಿಗರೇಟಿನ ತುಂಡುಗಳಿದ್ದವು. ಒಂದು ಇನ್ನೂ ಪೂರ್ತಿ ಆರಿರಲಿಲ್ಲ. ನಿನ್ನ ಗಂಡ ಹಾಸನಕ್ಕೆ ಟ್ರೈನಿಂಗಿಗೆ ಹೋಗಿ ಆಗಲೇ ವಾರವಾಗಿತ್ತು.

ನಿನ್ನನ್ನು ಬೈಯೋಕೆ ನನಗೆ ಬಾಯಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹಲ್ಲುನೋವಿಗೆ ಅಂತ ನಮ್ಮತ್ತೆ ಒಂದು ಬೀಡಿ ಕೊಟ್ಟರು. ಹಲ್ಲು ಕೀಳಿಸಿದೆ, ಬೀಡಿ ಉಳೀತು. ನೀನು ಹೊಟ್ಟೆಯಲ್ಲಿದ್ದಾಗಲೂ ಕೊಟ್ಟಿಗೆ ಹಿಂದೆ ನಿಂತು ಸೇದುತ್ತಿದ್ದೆ. ಹುಟ್ಟಿದಾಗ ನೀನು ಒಂದೂಮುಕ್ಕಾಲು ಕೆ.ಜಿ. ಗ್ರಹಣದ ದಿನ ನಿಮ್ಮಪ್ಪ ನನ್ನನ್ನು ಗುಬ್ಬಿಗೆ ಕರಕೊಂಡು ಹೋಗಿದ್ದೇ ಕಾರಣ ಅಂತ ಮನೆಯವರೆಲ್ಲ ಅವರನ್ನು ಅಂದರು. ಅವರು ತಲೆ ತಗ್ಗಿಸಿ ಒಪ್ಪಿಕೊಂಡರು. ನಾನು ಸುಮ್ಮನಿದ್ದೆ. ಚಳಿಗಾಲ ಬಂತೆಂದರೆ ನಿನ್ನ ಎದೆ ಗೊರಗೊರ ಅನ್ನೋದು, ಹೆಗಲಿಗೆ ಹಾಕಿಕೊಂಡು ಬೆಳಗಿನವರೆಗೂ ಕೂರುತ್ತಿದ್ದೆ. ಬೀಡಿಯಿಂದಲೇ ಹೀಗಾಯ್ತು ಅಂತ ಯಾವ ಡಾಕ್ಟರೂ ಹೇಳಿಲ್ಲ. ನಾನು ಯಾರನ್ನೂ ಕೇಳಲೇ ಇಲ್ಲವಲ್ಲ.

ನಿನ್ನೆ ಒಬ್ಬಳೇ ಬಸ್ ಹತ್ತಿ ಮೇಡಂ ಹತ್ತಿರ ಹೋಗಿ ಇದನ್ನೆಲ್ಲ ಹೇಳಿದೆ. ಬೈಯಲಿಲ್ಲ ಕಣೇ. ನಿಮ್ಮ ಉಬ್ಬಸದಲ್ಲಿ ಭಯವೂ ಸೇರಿಕೊಂಡಿದೆ ಅಂದರು. ತುಟಿ ಚೂಪು ಮಾಡಿ ನಿಧಾನಕ್ಕೆ ಉಸಿರು ಬಿಡೋದು ಹೇಳಿಕೊಟ್ಟರು. ನಮ್ಮ ಕಡೆ ಒಬ್ಬ ಬಸುರಿ ಹುಡುಗಿ ಸೇದ್ತಾಳೆ, ಈಗ ಬಿಟ್ಟರೆ ಪ್ರಯೋಜನ ಇದೆಯಾ ಅಂತ ಕೇಳಿದೆ. ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಒಳ್ಳೇದೇ, ಒಬ್ಬಳೇ ಒದ್ದಾಡೋದು ಬೇಡ, ಬರೋಕೆ ಹೇಳಿ ಅಂದರು. ನಿನ್ನ ಹೆಸರು ಹೇಳಲಿಲ್ಲ. ಒಂದು ಸಲ ಹೋಗಿ ಬಾ ಮಗಳೇ.

ನಿನ್ನಮ್ಮ
ಹನುಮಕ್ಕ

ಇದೊಂದನ್ನು ಬರೆಯದೆ ಕವರಿಗೆ ಅಂಟು ಹಾಕೋಕೆ ಮನಸ್ಸು ಬರ್ತಿಲ್ಲ. ನೀನು ಹುಟ್ಟಿದ ವರ್ಷವೇ ಬೀಡಿ ಬಿಟ್ಟೆ ಅಂತ ಮೇಡಂಗೆ ಹೇಳಿದ್ದು ಸುಳ್ಳು. ನಿನ್ನೆ ಬಸ್ ಇಳಿದ ಮೇಲೂ ಒಂದು ಸೇದಿದೆ.

ಶೆಟ್ಟಿಹಳ್ಳಿ, ತುಮಕೂರು
21 ನವೆಂಬರ್ 2025

ಅಮ್ಮಾ,

ಕಾಗದ ಓದಿ ಎರಡು ದಿನ ನಿನ್ನ ಫೋನ್ ಎತ್ತಲಿಲ್ಲ. ಸಿಟ್ಟು ಬಂದಿತ್ತು. ಸಿಕ್ಕಿಬಿದ್ದೆನಲ್ಲ ಅಂತ ಬಂದಿದ್ದೋ, ಇಷ್ಟು ವರ್ಷ ಮುಚ್ಚಿಟ್ಟೆಯಲ್ಲ ಅಂತ ಬಂದಿದ್ದೋ, ಈಗಲೂ ಗೊತ್ತಿಲ್ಲ.

ನಿನ್ನೆ ರಜೆ ಹಾಕಿ ಮೇಡಂ ಹತ್ತಿರ ಹೋದೆ. ಹೊಗೆ ಎಷ್ಟು ಒಳಗೆ ಹೋಗಿದೆ ಅಂತ ನೋಡೋಕೆ ಪುಟ್ಟ ಮಿಷನ್ನಿಗೆ ಊದಿಸಿದರು, ಕೆಂಪು ದೀಪ ಬಂತು. ಫ್ಯಾಕ್ಟರಿಯಲ್ಲಿ ಶಿಫ್ಟ್ ಬದಲಾದಾಗ ಶುರುವಾಗಿದ್ದು, ಬಸುರಿ ಅಂತ ಗೊತ್ತಾದ ದಿನವೇ ಬಿಟ್ಟಿದ್ದು, ಹನ್ನೆರಡನೇ ದಿನ ಮತ್ತೆ ಹಚ್ಚಿದ್ದು, ಎಲ್ಲ ಹೇಳಿದೆ. ಮಗು ಒದ್ದಾಗಲೆಲ್ಲ ಗಾಳಿ ಸಾಲದೆ ಒದೀತಿದೆಯಾ ಅನ್ನಿಸುತ್ತೆ ಅಂತ ಹೇಳುವಾಗ ಅಳು ತಡೆಯೋಕೆ ಆಗಲಿಲ್ಲ. ಸ್ಕ್ಯಾನ್‌ನಲ್ಲಿ ತೂಕ ಸ್ವಲ್ಪ ಕಡಿಮೆ ಇದೆಯಂತೆ. ಹದಿನೈದು ದಿನ ಬಿಟ್ಟು ಮತ್ತೆ ನೋಡ್ತಾರೆ. ಅಲ್ಲಿಯವರೆಗೆ ಏನೂ ಹೇಳೋಕೆ ಆಗಲ್ಲ ಅಂದರು.

ಸೇದದೆ ಇವತ್ತಿಗೆ ಒಂದು ದಿನ ಆಯ್ತು.

ನಿನ್ನ
ಬಿಂದುಶ್ರೀ

ಫಾರಂನಲ್ಲಿ ಜೊತೆಗೆ ಬರುವವರು ಯಾರು ಅಂತ ಒಂದು ಕಾಲಂ ಇತ್ತು. ಇವರಿಗೆ ಇನ್ನೂ ಹೇಳಿಲ್ಲ, ನಿನ್ನ ಹೆಸರು ಬರೆದಿದ್ದೀನಿ. ಗುರುವಾರ ನಿನ್ನ ಫೈಲೂ ತಗೊಂಡು ಬಾ. ನೀನು ನಿಜ ಹೇಳುವಾಗ ನಾನು ಎದ್ದು ಹೊರಗೆ ಹೋಗಲ್ಲ.