ಎಡಗೈಯ ಗುಂಡಿ

ಚಿರಂಜೀವಿ ವೇಣಿಗೆ, ನಿನ್ನ ಗಣಿತದ ಮಿಸ್ ಸುಬ್ಬಲಕ್ಷ್ಮಮ್ಮನ ಆಶೀರ್ವಾದಗಳು.

ಪೀಣ್ಯದ ನಿನ್ನ ಕಾರ್ಖಾನೆಯ ಗೇಟಿನಲ್ಲಿ, ಕಾವಲಿನವರ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನೀನು ಫೋನು ಎತ್ತುತ್ತಿಲ್ಲ. "ಮೀಟಿಂಗಲ್ಲಿದ್ದಾರೆ ಮೇಡಂ, ಬೇಕಾದ್ರೆ ಚೀಟಿ ಕೊಡಿ, ಒಳಗ್ ಕಳಿಸ್ತೀನಿ" ಎಂದರು ಕಾವಲಿನವರು. ನಾಲ್ಕು ಗಂಟೆಗೆ ನೀನು ಪ್ರೆಸ್ ಯಂತ್ರಗಳನ್ನು ನಡೆಸುವ ಹೊಸ ಪ್ರೋಗ್ರಾಮಿಗೆ ಸಹಿ ಹಾಕುವೆ. ಹಾಕಿದೊಡನೆ, ಕೈ ಒಳಗೆ ಹೋಗದಂತೆ ಆ ಯಂತ್ರಗಳಿಗೆ ಹಾಕಿರುವ ತಡೆಜಾಲರಿಗಳನ್ನು ಇನ್ನು ಬೇಡವೆಂದು ಬಿಚ್ಚುವರು. ಈಗ ಮೂರೂವರೆ. ಸಹಿ ಹಾಕಬೇಡ.

ಕಳೆದ ಭಾನುವಾರ ಬಾಗಲಗುಂಟೆಯ ನಮ್ಮ ಮನೆಯಲ್ಲಿ ನೀನು, 'ಯಾವಾಗಲೂ', 'ಎಂದಿಗೂ' ಎಂಬ ಮಾತುಗಳನ್ನು ಗಣಿತದಂತೆ ಸಾಧಿಸುವ ನಿನ್ನ ಕಾಲತರ್ಕವನ್ನು ವಿವರಿಸಿದೆ. "ಪ್ರೋಗ್ರಾಮನ್ನ ಲಕ್ಷ ಸಲ ಓಡಿಸಿದ್ರೂ 'ಇಲ್ಲೀವರೆಗೂ ತಪ್ಪಾಗಿಲ್ಲ' ಅಂತಷ್ಟೇ ಹೇಳ್ಬಹುದು ಮಿಸ್. ಇದ್ರಲ್ಲಿ 'ಯಾವತ್ತೂ ತಪ್ಪಾಗಲ್ಲ' ಅಂತ ಸಾಧಿಸ್ಬಹುದು" ಎಂದೆ. ನೀನು ಸಾಧಿಸಿದ ವಾಕ್ಯ ನನಗೆ ಬಾಯಿಪಾಠವಾಗಿದೆ: ಎರಡೂ ಗುಂಡಿಗಳನ್ನು ಒತ್ತದ ಹೊರತು ಪ್ರೆಸ್ ಎಂದಿಗೂ ಇಳಿಯದು. ಎರಡು ಕೈಗಳೂ ಗುಂಡಿಗಳ ಮೇಲಿರುವಾಗ ಅಚ್ಚಿನೊಳಗೆ ಕೈ ಹೇಗಿದ್ದೀತು? ಸಾಲುಸಾಲಾಗಿ ಪರೀಕ್ಷಿಸಿ ಹತ್ತಕ್ಕೆ ಹತ್ತು ಕೊಟ್ಟೆ. ಮೂವತ್ತೆರಡು ವರ್ಷಗಳ ವೃತ್ತಿಯಲ್ಲಿ ಅಷ್ಟು ಸುಲಭವಾಗಿ ಯಾರಿಗೂ ಕೊಟ್ಟವಳಲ್ಲ.

ಇಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ನಮ್ಮ ಹಿಂದಿನ ಕೋಣೆಯ ಬಾಡಿಗೆದಾರ ಹಣಮಂತನೆದುರು ನಿನ್ನನ್ನು ಹೊಗಳುತ್ತಿದ್ದೆ. ಅವನೂ ನಿಮ್ಮಲ್ಲಿಯೇ ಪ್ರೆಸ್ ನಡೆಸುವವನು. ನಕ್ಕುಬಿಟ್ಟ.

"ಎರಡೂ ಕೈ ಯಾಂವ ಇಡ್ತಾನ್ರೀ ಅಕ್ಕೋರ? ಎಡಗಡಿ ಗುಂಡಿಗೆ ಕಟ್ಟಿಗಿ ಚೂರು ಸಿಗಸ್ತೀವ್ರಿ. ಆ ಕೈ ತಗಡು ಹಿಡೀಲಾಕ ಬೇಕಲ್ರೀ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಅವನು ಕೈತೊಳೆಯಲು ಎದ್ದ ಮೇಲೆ ನಾನು ಊಟ ಬಿಟ್ಟು ಇಲ್ಲಿಗೆ ಹೊರಟೆ.

ವೇಣಿ, ನಿನ್ನ ಸಾಧನೆಯಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ಅದು ಗುಂಡಿಗಳ ಕುರಿತು ಸತ್ಯ. ಕೈಗಳ ಕುರಿತಾದದ್ದನ್ನು ನಾವಿಬ್ಬರೂ ಊಹಿಸಿಕೊಂಡೆವು. ಇಂದಿನವರೆಗೆ ಆ ಊಹೆ ತಪ್ಪಿದ್ದರೂ ಜಾಲರಿ ಕೈಗಳನ್ನು ಕಾಯುತ್ತಿತ್ತು; ನಾಲ್ಕು ಗಂಟೆಯ ಮೇಲೆ ಅದೂ ಇರದು. ಇನ್ನೊಂದು ವಾಕ್ಯವನ್ನು ಸೇರಿಸಿ ಮತ್ತೆ ಸಾಧಿಸು: ಪ್ರತಿ ಏಟಿನ ಅನಂತರ ಎರಡೂ ಗುಂಡಿಗಳು ಒಮ್ಮೆ ಬಿಡುಗಡೆಯಾಗದ ಹೊರತು ಮುಂದಿನ ಏಟು ಎಂದಿಗೂ ಬೀಳದು. ಆಗ ಕಟ್ಟಿಗೆ ಸಿಗಿಸಿದ ಯಂತ್ರ ಸುಮ್ಮನೆ ನಿಲ್ಲುವುದು. ತಡವಾಯಿತೆಂದು ನಿನ್ನ ಮೇಲಿನವರು ಬೈಯುವರು, ಮಾತಿಗೆ ತಪ್ಪಿದಳೆಂದು ಹಣಮಂತ ನನ್ನನ್ನು ಬೈಯುವನು. ಬೈಯಲಿ.

ಭಾನುವಾರದ ಹತ್ತು ಅಂಕಗಳನ್ನು ಹಿಂದಕ್ಕೆ ಪಡೆದಿದ್ದೇನೆ. ಅವುಗಳಲ್ಲಿ ಅರ್ಧದ ನಷ್ಟ ನನ್ನದು.

ಈಗಷ್ಟೇ ಎರಡನೆಯ ಪಾಳಿಯವರು ಒಳಗೆ ಹೋದರು. ಹಣಮಂತ ನನ್ನನ್ನು ಕಂಡು ಬೆರಗಾಗಿ, ನಕ್ಕು, ಎಡಗೈಯನ್ನೆತ್ತಿ ಬೀಸಿದ. ಐದೂ ಬೆರಳುಗಳನ್ನು ಎಣಿಸಿದೆ.

ಈ ಚೀಟಿ ನಿನ್ನ ಲೇಖನಿಗಿಂತ ಮೊದಲು ನಿನ್ನನ್ನು ತಲುಪಲಿ. ನೀನು ಹೊರಗೆ ಬರುವವರೆಗೆ ಈ ಬೆಂಚಿನಿಂದ ಏಳುವುದಿಲ್ಲ.

ನಿನ್ನ ಶ್ರೇಯಸ್ಸನ್ನೂ ಅವನ ಕೈಗಳನ್ನೂ ದೇವರು ಕಾಯಲಿ.

ಸುಬ್ಬಲಕ್ಷ್ಮಮ್ಮ