ಅಂಗೈ ಕೆಳಗಿನ ಕೈ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11
ಇವತ್ತಿನವನು ಮೂರನೆಯವನು. ಏಜೆನ್ಸಿ ಕಳಿಸಿದ ಕೇರ್‌ಟೇಕರ್. ನನ್ನನ್ನು ಬಿಟ್ಟು ಹೆಂಡತಿ ಸುಮನಾಳನ್ನು ಕೇಳಿದ — "ಇವ್ರು ಊಟ ಮಾಡ್ತಾರಾ?"
"ಮಾಡ್ತೀನಿ ಮಾರಾಯ, ಮಾತೂ ಆಡ್ತೀನಿ," ಎಂದೆ. ಹೆದರಿ ಹೋದ.
ಸುಮನಾ ನಗಲಿಲ್ಲ. ಸೊಂಟ ಹಿಡಿದುಕೊಂಡು ಬಟ್ಟೆ ಹರವಲು ಮಹಡಿಗೆ ಹೋದಳು. ಅವಳಿಲ್ಲದಾಗಲೇ ಫೋನಿಗೆ ಹೇಳಿ ಇದನ್ನು ಬರೆಸುವುದು.
ಬೈಕಿನಿಂದ ಬಿದ್ದು ಕತ್ತು ಮುರಿದುಕೊಂಡು ಒಂಬತ್ತು ವರ್ಷ; ಕೈಕಾಲಿಗೆ ಸ್ವಾಧೀನವಿಲ್ಲ, ಮುಟ್ಟಿದರೂ ತಿಳಿಯದು. ಅಂದಿನಿಂದ ಎತ್ತುವವಳು, ಇಳಿಸುವವಳು ಅವಳೇ. ಸಾಕು. ಯಾರಾದರೂ ಸಿಕ್ಕರೆ ಮತ್ತೆ ಹೆಂಡತಿಯಾಗಿ ಪಕ್ಕದಲ್ಲಿ ಸುಮ್ಮನೆ ಕೂರುತ್ತಾಳೆ. ಅಷ್ಟೇ ಆಸೆ.

ಮಾರ್ಚ್ 6
ಹಾಲಸ್ವಾಮಿ. ಭದ್ರಾವತಿಯವರು. ಲಕ್ವ ಹೊಡೆದ ಅಣ್ಣನನ್ನು ಕೊನೆಯವರೆಗೂ ನೋಡಿಕೊಂಡವರಂತೆ. ನನ್ನನ್ನೇ ನೋಡಿ ಕೇಳಿದರು — "ಸಾರ್, ಎತ್ತುವಾಗ ಎಲ್ಲಿ ನೋಯುತ್ತೆ?"
ಫಿಕ್ಸ್.

ಮಾರ್ಚ್ 14
ಸುಮನಾ ಒಂದೊಂದಾಗಿ ಕಲಿಸುತ್ತಿದ್ದಾಳೆ. ಮೂತ್ರದ ಕ್ಯಾಥೆಟರ್, ಸ್ನಾನ, ಮಗ್ಗುಲು ಬದಲಿಸುವುದು. "ಸಾರು ಆರಿಸಿ ಕೊಡಿ. ಬಿಸಿ ಇದ್ರೂ ಹೇಳಲ್ಲ, ನುಂಗ್ಬಿಡ್ತಾರೆ."
"ಸೊಸೆಗೆ ಅಡುಗೆಮನೆ ಒಪ್ಪಿಸೋ ಅತ್ತೆ ಆದ್ಯಲ್ಲೇ!" ಎಂದೆ. ನಕ್ಕಳು! ಎಷ್ಟು ದಿನವಾಗಿತ್ತು...
ಬೆಳಗಿನ ಲಿಂಗಪೂಜೆ ಮಾತ್ರ ಬಿಟ್ಟುಕೊಟ್ಟಿಲ್ಲ. ನನ್ನ ಎಡಗೈ ನಡುಗುತ್ತದೆ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೆಳಗೆ ತನ್ನ ಕೈ ಕೊಟ್ಟು ಕೂರುತ್ತಾಳೆ. "ಅದೊಂದು ನಾನೇ ಮಾಡ್ತೀನಿ." ದಿನದಲ್ಲಿ ಅಷ್ಟು ಹೊತ್ತು ನಾವು ಗಂಡ ಹೆಂಡತಿ.

ಮಾರ್ಚ್ 27
ಸುಮನಾ ಮಧ್ಯಾಹ್ನ ನಿದ್ದೆ ಮಾಡಿದಳು. ಸಂಜೆ ನಮ್ಮ ಗೋಪಾಳ ಬಡಾವಣೆಯ ಪಾರ್ಕಿಗೆ ಹೋದಳು — ಒಬ್ಬಳೇ. ವೀಲ್‌ಚೇರ್ ಬಾಗಿಲಲ್ಲೇ ಇತ್ತು, ಕರೆಯಲಿಲ್ಲ. ಇರಲಿ, ಮೊದಲು ಸುಧಾರಿಸಿಕೊಳ್ಳಲಿ.

ಏಪ್ರಿಲ್ 16
ಬೆಳಿಗ್ಗೆ ಪೂಜೆಗೆ ಹಾಲಸ್ವಾಮಿಯವರನ್ನು ಕರೆದಳು. "ಇವರ ಕೈ ಕೆಳಗೆ ನಿಮ್ಮ ಕೈ ಕೊಡಿ. ಜಾಸ್ತಿ ಒತ್ಬೇಡಿ."
ಅವರು ಹಿಂಜರಿದರು. "ಅಮ್ಮಾ, ಇದು ನೀವೇ..."
"ಇಲ್ಲ. ನೀವು ಕಲೀಬೇಕು."
ತಿಳಿಯಿತು, ಹೊರಟಿದ್ದಾಳೆ. ಕಣ್ಣು ಮುಚ್ಚಿದೆ. ಮಂತ್ರ ನಾಲಿಗೆಗೆ ಬರಲಿಲ್ಲ.
ಆಮೇಲೆ ಕೇಳಿದೆ — "ಎಷ್ಟು ದಿನಕ್ಕೆ?"
"ಭದ್ರಾವತಿ ಕಾಗದನಗರದಲ್ಲಿ ಅಪ್ಪನ ಹತ್ರಾನೇ ಇರ್ತೀನಿ ರೀ. ಅಲ್ಲೇ ಸ್ಕೂಲಲ್ಲಿ ಕೆಲ್ಸ ಸಿಕ್ಕಿದೆ." ಪೂಜೆಯ ತಟ್ಟೆ ಎತ್ತಿಡುತ್ತಾ, "ಒಳ್ಳೆಯವರು ಸಿಗ್ಲಿ ಅಂತ ಕಾಯ್ತಿದ್ದೆ. ನಿಮ್ಮನ್ನ ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ."
ಜಗಳವಾಡಲೂ ಬಾಯಿಲ್ಲ. ಜನ ಹುಡುಕಿ ತಂದವನು ನಾನೇ. ಅವಳನ್ನು ಉಳಿಸಿಕೊಳ್ಳಲೆಂದೇ ತಂದದ್ದು.

ಏಪ್ರಿಲ್ 30
ಬಸವ ಜಯಂತಿ. ಹಬ್ಬಕ್ಕಾದರೂ ಬರುತ್ತಾಳೆ ಎಂದುಕೊಂಡಿದ್ದೆ. ಭದ್ರಾವತಿ ಏನು ದೂರವೇ? ಬರಲಿಲ್ಲ.
ಪೂಜೆಗೆ ಕೂತೆ. ಹಾಲಸ್ವಾಮಿಯವರು ಸ್ನಾನ ಮಾಡಿ ಬಂದು ಕೈ ಕೊಟ್ಟರು. ಅವಳು ಹೋದ ಮೇಲೆ ಇವತ್ತೇ ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಲಿಂಗ ಅಲುಗುತ್ತಿಲ್ಲ. ನನ್ನ ಕೈ ನಿಂತೇ ಇದೆ!
"ನಡುಗ್ತಿಲ್ವಲ್ರಿ?"
"ನಿಮ್ಮ ಕೈ ಯಾವತ್ತೂ ನಡುಗಿಲ್ಲ ಸಾರ್."
ಹಾಗಾದರೆ ಇಷ್ಟು ವರ್ಷ ನಡುಗುತ್ತಿದ್ದದ್ದು ಅವಳ ಕೈ. ಎತ್ತಿ ಎತ್ತಿ ಸೋತ ಕೈ. ನನ್ನದೇ ಎಂದುಕೊಂಡಿದ್ದೆ. ಅವಳೂ ಹೇಳಲಿಲ್ಲ.
ಫೋನ್ ಮಾಡಬೇಕು. ಬಾ ಎನ್ನುವುದಕ್ಕಲ್ಲ. ಒಂದೇ ಮಾತು ಕೇಳಬೇಕು — ಸುಮನಾ, ನಿನ್ನ ಕೈ ನಡುಗೋದು ಈಗ ನಿಂತಿದೆಯಾ?