ಮನೆ ಮಗುವಿಗೆ ಕೊಡದ ಕಾಗದ

ರೀ, ಇದನ್ನಾದರೂ ಕೂತು ಪೂರ್ತಿ ಓದಿ. ನೀವು ಬದುಕಿದ್ದಾಗ ನಾನು ಬಾಯಿ ತೆರೆದರೆ ಸಾಕು, ಲೇತ್ ಮಷೀನು ಚಾಲೂ ಮಾಡಿ ಕಿವುಡರಾಗುತ್ತಿದ್ದಿರಿ. ತೀರಿಕೊಂಡು ನಾಲ್ಕು ವರ್ಷವಾಯಿತು, ಈಗ ಆ ನೆಪವೂ ಇಲ್ಲ.

ಹೊರದೇಶದಲ್ಲಿ ಲೇತ್ ಕೆಲಸಕ್ಕಿರುವ ಮೊಮ್ಮಗಳು ಬೆಳಿಗ್ಗೆ ಫೋನ್ ಮಾಡಿದ್ದಳು. ಅಲ್ಲಿಯ ಸರ್ಕಾರ ಈ ವರ್ಷ ಮೂರನೇ ಸಲ ವೀಸಾ ನಿಯಮ ಬದಲಿಸಿದೆ. ಮೊದಲು ಸಂಬಳ ಇಷ್ಟಿರಬೇಕು ಎಂದರು, ಆಮೇಲೆ ಭಾಷೆಯ ಪರೀಕ್ಷೆ ಎಂದರು. ಎರಡನ್ನೂ ದಾಟಿದಳು. ಈಗ ಕೆಲಸ ಕಲಿಸಿದವರ ಸಹಿ, ಸೀಲು ಇರುವ ಪತ್ರ ಬೇಕಂತೆ. ಈ ತಿಂಗಳೊಳಗೆ ಕೊಡದಿದ್ದರೆ ಗಂಟುಮೂಟೆ ಕಟ್ಟಬೇಕಂತೆ.

ಅವಳ ಕಾರ್ಖಾನೆಯ ಯಜಮಾನಿಯೂ ಪಕ್ಕದಲ್ಲೇ ನಿಂತು ಗೋಳಾಡುತ್ತಿದ್ದಳು. ಮೊಮ್ಮಗಳು ಅದನ್ನು ನಮ್ಮ ಮಾತಿನಲ್ಲಿ ಹೇಳಿದಳು: "ಅಜ್ಜಿ, ನಾನು ಹೋದ್ರೆ ಎರಡು ಮಷೀನಿಗೆ ಬಟ್ಟೆ ಮುಚ್ಚಿ ಕೂರಬೇಕು ಅಂತಿದ್ದಾರೆ. ಇಂಥ ಕೈ ಇನ್ನೊಂದು ಸಿಗಲ್ವಂತೆ."

"ಹಾಗಾದ್ರೆ ಆ ವೀಸಾ ಆಫೀಸರ್‌ಗೆ ನಿನ್ನ ಕೆಲಸ ತೋರಿಸಿ ಅಂತ ನಿನ್ನ ಯಜಮಾನಿಗೆ ಹೇಳೇ!"

"ತೋರಿಸಿದ್ರು ಅಜ್ಜಿ. ಚೆನ್ನಾಗಿದೆ, ಕಾಗದ ಎಲ್ಲಿ ಅಂದ."

ನಿಮ್ಮ ಹತ್ತಿರ ಕಲಿತ ಹೊರಗಿನ ಹುಡುಗರಿಗೆಲ್ಲ ಸೀಲು ಒತ್ತಿ ಪತ್ರ ಕೊಟ್ಟಿರಿ. ಇವಳೂ ನಿಮ್ಮ ಹತ್ತಿರವೇ ಕಲಿತವಳು, ಇವಳಿಗೆ ಮಾತ್ರ ನಿಮ್ಮ ಅಳತೆಯ ಕ್ಯಾಲಿಪರ್ ಕೈಗಿಟ್ಟು ತಲೆ ಸವರಿದಿರಿ. ಬರೆಯಲೆಂದು ನೀವು ಪೆನ್ನು ತೆಗೆದಿದ್ದು ನನಗೆ ಮರೆತಿಲ್ಲ. ಮನೆ ಮಗುವಿಗೆ ಎಂಥ ಕಾಗದ ಎಂದು ನಕ್ಕವಳು ಯಾರೆಂದು ಅವಳಿಗೆ ಇನ್ನೂ ಹೇಳಿಲ್ಲ.

ಸೀಲು ಹುಡುಕಿ ತೊಳೆದಿಟ್ಟಿದ್ದೇನೆ. ನಿಮ್ಮ ಸಹಿ ಹಾಕಲು ನನ್ನ ಕೈ ಏಳುತ್ತಿಲ್ಲ. ಸುಮ್ಮನಿದ್ದದ್ದು ಸಾಕು, ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ.